ಹೊಲದಜ್ಜನ ಹಿತ್ತಾಳೆ ಕಣ್ಣು

ಮೊನ್ನೆ ಶಿಗ್ಗಾಂವಿಗೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಬೀಗರೊಬ್ಬರು, ಗೊಟಗೋಡಿ ದಾರಿಯಲ್ಲಿ ಹಳೆಯ ಕಲ್ಲು, ಶಾಸನಗಳ ಪ್ರದರ್ಶನ ಇಟ್ಟಿದ್ದಾರೆ, ಬಸ್ಸಿಗೆ ಇನ್ನೂ ಹೊತ್ತಿದೆ, ನೋಡಿ ಬರೋಣ ಏಳಿರಿ ಎಂದು ಎಬ್ಬಿಸಿಕೊಂಡು ಹೋದರು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಂದದ್ದು ತೊಳೆದ ಕಲ್ಲಿನ ವಾಸನೆ. ತಲೆಮಾರುಗಳ ಎಣ್ಣೆಯ ಜಿಡ್ಡು ಕೆರೆದು ತೊಳೆದ ಕಲ್ಲಿಗೆ ಒಂದು ವಾಸನೆ ಇರುತ್ತದೆ. ಹಸಿ ಮಣ್ಣಿನದೂ ಅಲ್ಲ, ಎಣ್ಣೆಯದೂ ಅಲ್ಲ. ನಲವತ್ತು ವರ್ಷದ ಮೇಲಾಗಿತ್ತು ಅದನ್ನು ಮೂಸಿ.

ನಡುವೆ ಎದೆಯ ಎತ್ತರಕ್ಕೆ ಒಂದು ಗಾಜಿನ ಪರದೆ ನಿಲ್ಲಿಸಿದ್ದರು. ಅದರೊಳಗೆ ನಮ್ಮ ಕಡೆಯ ತಾಲೂಕುಗಳ ನಕ್ಷೆ. ಊರಿನ ಹೆಸರಿನ ಮೇಲೆ ಬೆರಳಿಟ್ಟರೆ ಆ ಊರಿನ ಕಲ್ಲು ಎದ್ದು ಕಾಣುತ್ತದೆ. ಅಲ್ಲಿ ಕೆಲಸಕ್ಕಿದ್ದ ನಲವತ್ತರ ಆಸುಪಾಸಿನ ಹೆಣ್ಣುಮಗಳು ನನ್ನನ್ನು ಕರೆದಳು.

"ಬರ್ರಿ ಅಜ್ಜಾರ. ನಿಮ್ಮೂರು ಯಾವುದೈತಿ, ಅದನ್ನ ಮುಟ್ರಿ. ಏನೂ ಆಗಂಗಿಲ್ಲ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸವಣೂರಿನಲ್ಲಿ ರೇಡಿಯೋ ರಿಪೇರಿ, ಮನೆಗಳ ವೈರಿಂಗ್ ಮಾಡಿ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವನು ನಾನು. ಕರೆಂಟಿನ ಸಾಮಾನು ಕಂಡು ಹಿಂದೆ ಸರಿದವನಲ್ಲ. ಅವತ್ತು ಸರಿದೆ. ಆ ಎರಡು ಮಾತು, ಏನೂ ಆಗಂಗಿಲ್ಲ, ಒಂದು ಕಾಲಕ್ಕೆ ನಾನೇ ಆಡಿದವು.

ಅದು ಎಂಬತ್ತೆರಡನೆಯ ಇಸವಿ.

ನಾನು ಶಾಲೆ ಕಲಿತದ್ದು ಐದನೇ ಇಯತ್ತೆಯವರೆಗೆ. ಅಪ್ಪ ಹಾಸಿಗೆ ಹಿಡಿದ ವರ್ಷ ಪಾಟಿ ಚೀಲ ಗೂಟಕ್ಕೆ ಹಾಕಿ ಹುಬ್ಬಳ್ಳಿಯ ರೇಡಿಯೋ ಅಂಗಡಿಯೊಂದರಲ್ಲಿ ಕಸ ಹೊಡೆಯಲು ನಿಂತೆ. ಕಸ ಹೊಡೆಯುತ್ತ ವಾಲ್ವುಗಳ ಹೆಸರು ಕಲಿತೆ, ಬೆಸುಗೆ ಕಲಿತೆ, ಟ್ರಾನ್ಸ್‌ಫಾರ್ಮರ್ ಸುತ್ತುವುದು ಕಲಿತೆ. ಸವಣೂರಿಗೆ ಮರಳಿ ವೀಳ್ಯದೆಲೆ ಪೇಟೆಯ ಬಾಯಿಗೆ ಅಂಗಡಿ ಇಟ್ಟೆ. ಹಿರೇಕೆರೂರಿನಿಂದಲೂ ಜನ ರೇಡಿಯೋ ಬಗಲಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಬೇರೆಯವರು ಇದು ಇನ್ನು ಸತ್ತಿತು ಎಂದು ಕೈಬಿಟ್ಟ ರೇಡಿಯೋ ನನ್ನ ಕೈಯಲ್ಲಿ ಮಾತಾಡಿದರೆ ನನಗೆ ಊಟವೇ ಬೇಡವಾಗುತ್ತಿತ್ತು. ಇಂಥ ಸೊಕ್ಕು ಕೆಟ್ಟದ್ದೆಂದು ನನಗೆ ಆಗ ಅನಿಸಿರಲಿಲ್ಲ. ಶಾಲೆ ಇಲ್ಲದವನಿಗೆ ನೆಟ್ಟಗೆ ನಿಲ್ಲಲು ಬೆನ್ನಿಗೆ ಏನಾದರೂ ಬೇಕಲ್ಲ.

ಆ ಬೇಸಿಗೆಯಲ್ಲಿ ವಾದಿರಾಜಾಚಾರ್ಯರು ಅಂಗಡಿಗೆ ಬಂದರು. ಸವಣೂರಿನ ವೈಷ್ಣವ ಮನೆತನದವರು, ಹಾನಗಲ್ಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಬಿಸಿಲಿರಲಿ ಮಳೆಯಿರಲಿ ಕೊಡೆ ಹಿಡಿದು ಹೊಲದಿಂದ ಹೊಲಕ್ಕೆ ತಿರುಗಿ, ಕಲ್ಲುಗಳ ಮೇಲಿನ ಬರಹ ನಕಲು ಮಾಡಿಕೊಳ್ಳುವುದು ಅವರ ಹುಚ್ಚು. ಹಾನಗಲ್ಲಿನ ಹಳೆಯ ಕಟ್ಟಡವೊಂದರಲ್ಲಿ ಎರಡು ಖೋಲಿ ಸಿಕ್ಕಿದ್ದವು. ನಾಲ್ಕೈದು ಜನ ಹಿರಿಯರ ಕಮಿಟಿ ಕಟ್ಟಿಕೊಂಡು ಅಲ್ಲಿ ಒಂದು ಇತಿಹಾಸದ ವಸ್ತುಸಂಗ್ರಹ ತೆರೆಯುವ ಸಿದ್ಧತೆ ನಡೆಸಿದ್ದರು.

"ಚನ್ನಬಸಪ್ಪಾ, ಮುಂಬೈಯೊಳಗ ನಾ ಒಂದು ನೋಡಿ ಬಂದೀನಿ," ಎಂದರು. "ನಕಾಶಿ ಅದ, ಅದರ ಕೆಳಗ ಗುಂಡಿ ಅವ. ಗುಂಡಿ ಒತ್ತಿದ್ರ ಆ ಊರು ಬೆಳಗ್ತದ, ಊರಿನ ಕಥಿ ಕಾಣಸ್ತದ. ಸಣ್ಣ ಹುಡುಗೂರು ಬಿಟ್ಟು ಬರ್ಲಿಕ್ಕೆ ಒಲ್ಲೆ ಅಂತಾವ. ಅಂಥಾದ್ದು ನಮಗೂ ಒಂದು ಆಗ್ಬೇಕು."

"ಆಗ್ತೈತ್ರಿ."

"ಹೆಂಗ ಅಂತ ಕೇಳಲೇ ಇಲ್ಲಲ್ಲೋ ನೀ?"

"ಮಾಡಾವ ನಾ. ನೀವ್ಯಾಕ ಚಿಂತಿ ಮಾಡ್ತೀರಿ ಆಚಾರ್ರ? ಊರಿನ ಹೆಸರು ಬರದು ಕೊಡ್ರಿ, ಸಾಕು."

ಅವರು ನಕ್ಕು ಕೊಡೆ ಎತ್ತಿಕೊಂಡು ಹೋದರು. ನಾನು ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಹಾಕಲು ಕುಳಿತೆ. ಸಾಗವಾನಿಯ ಇಳಿಜಾರು ಪೆಟ್ಟಿಗೆ. ಮೇಲೆ ನಾಲ್ಕು ತಾಲೂಕಿನ ನಕ್ಷೆ, ಊರಿಗೊಂದು ಗುಂಡಿ. ಗುಂಡಿ ಒತ್ತಿದರೆ ಹಾಲುಗಾಜಿನ ಹಿಂದೆ ದೀಪ ಹತ್ತಿ ಆ ಊರಿನ ಕಲ್ಲಿನ ಚಿತ್ರ, ಆಚಾರ್ಯರು ಓದಿದ ಬರಹ ಎದ್ದು ಕಾಣಬೇಕು. ಮಂದಿ ಮುಟ್ಟುವ ಸಾಮಾನು. ಹಾಗಾಗಿ ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತಿ, ಸ್ಕೂಟರಿನ ಸಣ್ಣ ಬಲ್ಬು ಹಾಕುವುದೆಂದು ಮೊದಲ ದಿನವೇ ಬರೆದುಕೊಂಡಿದ್ದೆ. ಅಷ್ಟು ತಿಳಿವಳಿಕೆ ನನಗಿತ್ತು. ಇರಲಿಲ್ಲ ಎಂದಿದ್ದರೆ ಇವತ್ತು ಸುಲಭವಾಗುತ್ತಿತ್ತು.

ಖೋಲಿಗೆ ಒಂದಾದರೂ ಇಡೀ ವೀರಗಲ್ಲು ಬೇಕೆಂದು ಆಚಾರ್ಯರು ಹುಡುಕುತ್ತಿದ್ದರು. ಹಿರೇಬೆಂಡಿಗೇರಿಯ ನಿಂಗಪ್ಪನ ಹೊಲದ ಬದುವಿನಲ್ಲಿ ಒಂದು ಸಿಕ್ಕಿತು. ತುರು, ಅಂದರೆ ದನ, ಬಿಡಿಸಿಕೊಳ್ಳಲು ಹೋಗಿ ಸತ್ತ ಯಾವನೋ ವೀರನ ಕಲ್ಲು. ಆ ಮನೆಯವರು ಅದನ್ನು ಹೊಲದಜ್ಜ ಎನ್ನುತ್ತಿದ್ದರು. ಎಣ್ಣೆ ಹಾಕಿ ಹಾಕಿ ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ವೀರನ ಮುಖಕ್ಕೆ ಎರಡು ಹಿತ್ತಾಳೆಯ ಕಣ್ಣು ಅಂಟಿಸಿದ್ದರು. ಹೊಲದ ಆ ಅಂಚಿನಲ್ಲಿ ಹೊಸ ರಸ್ತೆ ಬರುವುದಿತ್ತು. ಬಂದರೆ ಅಜ್ಜ ಒಡೆದು ರಸ್ತೆಗೆ ಹಾಸುವ ಖಡಿಯಾಗುವುದೇ. ಅದಕ್ಕಾಗಿ ನಿಂಗಪ್ಪ ಒಪ್ಪಿದ.

"ಕೊಡ್ತೇನ್ರಿ ಆಚಾರ್ರ. ಆದ್ರ ವರ್ಷಕ್ಕೊಮ್ಮಿ ನಾಗರ ಅಮಾಸಿಗೆ ನೀರು ಹಾಕಾಕ ಬಿಡ್ಬೇಕ. ಬಿಡಂಗಿಲ್ಲ ಅಂದ್ರ, ಖಡಿ ಆದ್ರೂ ನನ್ನ ಹೊಲದಾಗ ಆಗ್ಲಿ."

"ಬಾರಪಾ. ನಾನೇ ಬಾಗಲಾ ತಗಸಿ ಕೊಡ್ತೀನಿ," ಎಂದರು ಆಚಾರ್ಯರು.

ಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ಚಕ್ಕಡಿಯಲ್ಲಿ ಹಾನಗಲ್ಲಿಗೆ ತಂದೆವು. ನಿಲ್ಲಿಸುವ ಅಳತೆ ನನ್ನದಾದ್ದರಿಂದ ನಾನೂ ಜೊತೆಗೆ ಕುಳಿತಿದ್ದೆ. ನಿಂಗಪ್ಪ ನನ್ನ ಓರಗೆಯವನು. ಹಗ್ಗ ಹಿಡಿದ ಕೈ ಗಟ್ಟಿ, ನಾಲಗೆ ಅದಕ್ಕಿಂತ ಗಟ್ಟಿ.

"ಎಷ್ಟನೇತ್ತಾ ಕಲ್ತಿಯೋ ಮೇಸ್ತ್ರಿ?"

"ಐದನೇತ್ತಾ."

"ನಾ ಒಂದನೇತ್ತಾನೂ ಇಲ್ಲ. ಅಂದ್ರ ನನಗಿಂತ ಐದು ವರ್ಷ ಹೆಚ್ಚು ಬಡಿಸಿಕೊಂಡೀದಿ."

ಆ ದಾರಿಯಲ್ಲಿಯೇ ಅವನು ತನ್ನ ಮನೆಯ ಕಟ್ಟಳೆ ಹೇಳಿದ್ದು. ನಾಗರ ಅಮಾವಾಸ್ಯೆಯಂದು ಮನೆಯ ಹಿರಿಯ ಗಂಡಸು ತಲೆಯ ಮೇಲೆ ಬಾವಿಯ ನೀರು ಸುರಿದುಕೊಂಡು, ಒದ್ದೆ ಧೋತರದಲ್ಲಿಯೇ ಬಂದು, ಅಜ್ಜನಿಗೆ ನೀರು ಹಾಕಬೇಕು, ಕಣ್ಣಿಗೆ ಹಾಲು ಹಾಕಬೇಕು. ಆಮೇಲೆ ಆ ಒದ್ದೆ ಕೈಯಿಂದ ಅಜ್ಜನ ಕಣ್ಣು ಮುಟ್ಟಿ ತನ್ನ ಕಣ್ಣಿಗೆ ಒತ್ತಿಕೊಳ್ಳಬೇಕು. ಅಷ್ಟೂ ಮುಗಿಯುವವರೆಗೆ ಅವನು ಮಾತಾಡುವಂತಿಲ್ಲ, ಅವನನ್ನು ಯಾರೂ ಮಾತಾಡಿಸುವಂತಿಲ್ಲ.

"ಮಾತಾಡ್ಸಿದ್ರ ಏನಾಗ್ತೈತಿ?" ಎಂದು ಕೇಳಿದೆ.

"ಯಾರಿಗೊತ್ತ? ನಮ್ಮ ಮನ್ಯಾಗ ಇವತ್ತಿನತನಕ ಯಾರೂ ಮಾತಾಡ್ಸಿಲ್ಲ."

ಹಾನಗಲ್ಲಿನಲ್ಲಿ ಕಲ್ಲು ಇಳಿಸಿದ ಮರುದಿನ ಆಚಾರ್ಯರು ಸೀಗೆಪುಡಿ, ಬಿಸಿನೀರು ಹಿಡಿದು ಕುಳಿತರು. ಬರಹ ಜಿಡ್ಡಿನಡಿ ಹುಗಿದಿತ್ತು. ಮುಖದ ಮೇಲಿನ ಸಾಲು ಓದಲು ಕಣ್ಣುಗಳನ್ನೂ ಮೆಲ್ಲಗೆ ಎಬ್ಬಿಸಿ ತೆಗೆದರು. ತೊಳೆದ ಕಲ್ಲು ಬೂದಿ ಬಣ್ಣಕ್ಕೆ ತಿರುಗಿ ನಿಂತಿತು. ನಿಂಗಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅಜ್ಜ ಕುರುಡ ಆದ," ಎಂದ ಕಡೆಗೆ.

ಆಚಾರ್ಯರಿಗೆ ಪೆಚ್ಚಾಯಿತು. "ಇಲ್ಲೋ ತಮ್ಮಾ, ಇವು ಆಮ್ಯಾಲೆ ಹಚ್ಚಿದ್ದು. ಕಲ್ಲಿಗೆ ಅದರದ ಕಣ್ಣು ಅದ ನೋಡು," ಎಂದು ಬೆರಳಿಟ್ಟು ತೋರಿಸಿದರು. ಅವನು ನೋಡಲಿಲ್ಲ.

ನಾನು ಆ ಕಣ್ಣುಗಳಲ್ಲಿ ಒಂದನ್ನು ಕೈಗೆ ತೆಗೆದುಕೊಂಡೆ. ಉಬ್ಬಿದ ಹಿತ್ತಾಳೆಯ ಬಿಲ್ಲೆ. ನನ್ನ ಗುಂಡಿಯ ಮೇಲೆ ಹೇಳಿ ಮಾಡಿಸಿದಂತೆ ಕೂಡುತ್ತಿತ್ತು.

"ನಿಂಗಪ್ಪಾ, ಒಂದು ಕಣ್ಣು ಮನೀಗೆ ಒಯ್ದು ಜಗಲಿ ಮ್ಯಾಲಿಡು. ಇನ್ನೊಂದು ನನಗ ಕೊಡು. ಅಜ್ಜನ ಗುಂಡಿಗೆ ಇದನ್ನ ಕೂಡಸ್ತೇನಿ. ಬಂದಾವ್ರೆಲ್ಲ ಈ ಕಣ್ಣು ಮುಟ್ಬೇಕು, ಮುಟ್ಟಿದ್ರ ಅಜ್ಜನ ಕಥಿ ಬೆಳಕಾಗ್ಬೇಕು."

ಅವನು ಆ ಕಣ್ಣನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. "ಅಮಾಸಿ ದಿನ ನಾ ನೀರು, ಹಾಲು ಹಾಕಾಂವ. ನಿನ್ನ ಕರೆಂಟು ಏನಾರ ಮಾಡ್ತೈತೇನ?"

"ಏನೂ ಆಗಂಗಿಲ್ಲ. ಹನ್ನೆರಡು ವೋಲ್ಟ್ ಅಂದ್ರ ಇರಿವಿ ಕಡದಂಗೂ ಆಗಂಗಿಲ್ಲ. ಕೊಡಗಟ್ಲೆ ಹಾಕು."

"ಖರೇನ?"

"ನಾ ಮಾಡಿದ್ದಪಾ ಇದು."

ಅದು ಸುಳ್ಳಾಗಿರಲಿಲ್ಲ. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ. ಆ ದಿನ ಆ ಮಾತು ಸುಳ್ಳಾಗಿರಲಿಲ್ಲ.

ಎರಡು ತಿಂಗಳು ಹಾನಗಲ್ಲಿನಲ್ಲಿಯೇ ಬಿದ್ದುಕೊಂಡು ಕೆಲಸ ಮಾಡಿದೆ. ಕಲ್ಲಿನ ಎಡಕ್ಕೆ ತಾಗಿಸಿ ಪೆಟ್ಟಿಗೆ ನಿಲ್ಲಿಸಿದೆ. ಉಳಿದ ಗುಂಡಿಗಳಿಗೆ ಕಪ್ಪು ಬೇಕಲೈಟು, ಹೊಲದಜ್ಜನ ಗುಂಡಿಗೆ ಮಾತ್ರ ಹಿತ್ತಾಳೆಯ ಕಣ್ಣು. ಕರೆಂಟು ಹಿತ್ತಾಳೆಗೆ ಏರದಂತೆ ಕಣ್ಣಿನ ಅಡಿಗೆ ಒಂದು ಫೈಬರ್ ಬಿಲ್ಲೆ. ಆಷಾಢ ಹತ್ತಿದರೆ ಒಳ್ಳೆಯ ಕೆಲಸಕ್ಕೆ ಕೈ ಹಚ್ಚುವಂತಿಲ್ಲ, ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಉದ್ಘಾಟನೆ ಆಗಲೇಬೇಕೆಂದು ಆಚಾರ್ಯರು ದಿನ ಹಿಡಿದಿದ್ದರು.

ಆ ದಿನಕ್ಕೆ ನಾಲ್ಕೇ ದಿನ ಉಳಿದಿರುವಾಗ ಕಮಿಟಿಯವರು ನೋಡಲು ಬಂದರು. ಜೊತೆಗೆ ಅವರಿಗೆ ಪರಿಚಯದ ಒಬ್ಬ ಎಂಜಿನಿಯರ್. ನಾನು ಗುಂಡಿ ಒತ್ತಿದೆ. ಹಾನಗಲ್ಲಿನಲ್ಲಿ ಆ ಹೊತ್ತಿಗೆ ವೋಲ್ಟೇಜು ಬಿದ್ದುಹೋಗುತ್ತಿತ್ತು. ನನ್ನ ಹನ್ನೆರಡು ವೋಲ್ಟು ಎಂಟಕ್ಕೆ ಇಳಿದಿರಬೇಕು. ಹಾಲುಗಾಜಿನ ಹಿಂದೆ ಬಲ್ಬುಗಳು ಸಾಯುವ ಕೆಂಡದ ಹಾಗೆ ಕೆಂಪಾಗಿ ನಿಂತವು. ಅಕ್ಷರ ಓದಲು ಬರಲಿಲ್ಲ.

"ಇದರಾಗ ಇತಿಹಾಸ ಕಾಣಂಗಿಲ್ಲೋ ಮಾರಾಯಾ, ಕತ್ತಲಿ ಕಾಣ್ತೈತಿ," ಎಂದ ಕಮಿಟಿಯವರಲ್ಲೊಬ್ಬ.

ಎಂಜಿನಿಯರ್ ಬಗ್ಗಿ ಪೆಟ್ಟಿಗೆಯ ಒಳಗೆ ನೋಡಿದರು. "ಟ್ರಾನ್ಸ್‌ಫಾರ್ಮರ್ ಸಣ್ಣದಾತು. ಹುಬ್ಬಳ್ಳಿಯಿಂದ ದೊಡ್ಡದು ತರಸ್ರಿ. ಮಂದಿ ಮುಟ್ಟೂದಕ್ಕ ಮೇನ್ ಲೈನ್ ಮಾತ್ರ ಕೊಡಬ್ಯಾಡ್ರಿ ಮತ್ತ," ಎಂದರು. ಒಳ್ಳೆಯ ಮಾತೇ. ಅಷ್ಟಕ್ಕೆ ಮುಗಿದಿದ್ದರೆ ಏನೂ ಆಗುತ್ತಿರಲಿಲ್ಲ. ಹೊರಡುವಾಗ ಒಂದು ಕೇಳಿದರು. "ಎಷ್ಟು ಓದೀರಿ ನೀವು?"

"ಐದನೇತ್ತಾ."

ಅವರು ನಗಲಿಲ್ಲ. ನಕ್ಕದ್ದು ಅವರ ಹಿಂದೆ ನಿಂತ ಕಮಿಟಿಯವನು. ನಿಂಗಪ್ಪನೂ ಇದೇ ಪ್ರಶ್ನೆ ಕೇಳಿ ನಕ್ಕಿದ್ದ. ಆಗ ನಾನೂ ನಕ್ಕಿದ್ದೆ. ಈ ನಗು ಬೇರೆ. ಕಿವಿ ಬಿಸಿಯಾಯಿತು.

ಹುಬ್ಬಳ್ಳಿಯಲ್ಲಿ ವಿಚಾರಿಸಿದೆ. ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಹದಿನೈದು ದಿನ ಬೇಕೆಂದರು. ಇನ್ನೊಂದು ಸುತ್ತಲು ನನ್ನಲ್ಲಿ ತಂತಿ ಇರಲಿಲ್ಲ. ಹೋಗಿ ಆಚಾರ್ಯರಿಗೆ ಹೇಳಬಹುದಿತ್ತು, ಉದ್ಘಾಟನೆ ಶ್ರಾವಣಕ್ಕೆ ಹೋಗಲಿ ಎಂದು. ಆ ನಕ್ಕವನ ಮುಂದೆ ಅದನ್ನು ಹೇಳುವುದು ನನ್ನಿಂದಾಗಲಿಲ್ಲ. ಮನೆಮನೆಯ ಕರೆಗಂಟೆ ಮೇನ್ ಲೈನಿನ ಮೇಲೆಯೇ ಓಡುತ್ತದಲ್ಲ, ಯಾರು ಸತ್ತಿದ್ದಾರೆ ಎಂದು ಮನಸ್ಸಿಗೆ ಹೇಳಿದೆ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಚೀಲಕ್ಕೆ ಹಾಕಿದೆ. ಮೇನ್ ಲೈನಿಗೆ ನೇರ ಜೋಡಿಸಿ ಹದಿನೈದು ವ್ಯಾಟಿನ ಬಲ್ಬು ಹಾಕಿದೆ. ಹಿತ್ತಾಳೆಯ ಕಣ್ಣನ್ನು ನಮ್ಮ ಕಸುಬಿನ ರೂಢಿಯಂತೆ ಹಿಂಗೈಯಿಂದ ಮುಟ್ಟಿ ನೋಡಿದೆ. ಜುಮ್ಮೆನ್ನಲಿಲ್ಲ. ಫೈಬರ್ ಬಿಲ್ಲೆ ತನ್ನ ಕೆಲಸ ಮಾಡುತ್ತಿತ್ತು. ಒಣಗಿರುವವರೆಗೆ ಮಾಡುತ್ತಿತ್ತು.

ಉದ್ಘಾಟನೆಯ ದಿನ ಗುಂಡಿ ಒತ್ತಿದ ಕೂಡಲೇ ಗಾಜು ಹಾಲಿನಂತೆ ಬೆಳಗಿತು. ಜನ ಹೋ ಎಂದರು. ಆಚಾರ್ಯರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಕ್ಕವನು ಬಂದು ಕೈ ಕುಲುಕಿದ. ನಿಂಗಪ್ಪ, ಅವನ ಹೆಂಡತಿ ಶಿವವ್ವ ಬಂದಿದ್ದರು. ಶಿವವ್ವ ಹಿತ್ತಾಳೆಯ ಕಣ್ಣು ಮುಟ್ಟಿ, ಬೆಳಕು ಹತ್ತಿದ್ದು ಕಂಡು ಸೆರಗು ಬಾಯಿಗೆ ಹಚ್ಚಿಕೊಂಡಳು.

"ಯವ್ವಾ, ಅಜ್ಜ ಕಣ್ಣು ತಗದ!"

ನಿಂಗಪ್ಪ ನನ್ನ ಹೆಗಲ ಮೇಲೆ ಕೈಹಾಕಿದ. "ಐದನೇತ್ತಾ ಅಂದ್ರ ಸಣ್ಣದಲ್ಲ ಬಿಡೋ ಮೇಸ್ತ್ರಿ."

ಆಗ ಹೇಳಬೇಕಿತ್ತು. ನಾನು ಹೇಳಿದ್ದ ಮಾತು ಈಗ ನಿಜವಲ್ಲ, ನೀರು ಹಾಕುವ ದಿನ ಮೇನ್ ಸ್ವಿಚ್ ಇಳಿಸಬೇಕು ಎಂದರೆ ಸಾಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಸುತ್ತ ಕಮಿಟಿಯವರು ನಿಂತಿದ್ದರು, ಆ ಎಂಜಿನಿಯರೂ ನಿಂತಿದ್ದರು. ನಾಗರ ಅಮಾವಾಸ್ಯೆಗೆ ಇನ್ನೂ ತಿಂಗಳಿದೆ, ನಡುವೆ ಒಂದು ದಿನ ಬಂದು ಹೇಳಿದರಾಯಿತು ಎಂದುಕೊಂಡೆ.

ಆ ತಿಂಗಳು ಪೂರ್ತಿ ಮಳೆ. ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ಗುಂಡಿ ಒತ್ತಿಹೋದರು. ಯಾರಿಗೂ ಏನೂ ಆಗಲಿಲ್ಲ. ಆಗಲಿಲ್ಲವೆಂದ ಮೇಲೆ ನನ್ನ ಭಯವೂ ಮೆಲ್ಲಗೆ ಕರಗಿತು. ನಾಗರ ಅಮಾವಾಸ್ಯೆಯ ಹಿಂದಿನ ದಿನ ಆಚಾರ್ಯರು ಅಂಗಡಿಯ ಮುಂದೆ ನಿಂತು, "ನಾಳೆ ನಿಂಗಪ್ಪ ಬರ್ತಾನ, ನೀನೂ ಬರ್ತೀಯೇನು?" ಎಂದು ಕೇಳಿದರು. "ಅಂಗಡಿ ಬಿಟ್ಟು ಹೆಂಗ ಬರ್ಲಿರಿ," ಎಂದೆ. ಹೊರಡುವ ಮೊದಲು ಒಂದು ಮಾತು ಹೇಳಿ ಕಳಿಸಬಹುದಿತ್ತು. ಅವರಿಗೆ ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಟ್ರಾನ್ಸ್‌ಫಾರ್ಮರಿನ ಕಥೆ ಹೇಳಬೇಕು. ಒಂದು ಚೊಂಬು ನೀರು ಕಲ್ಲಿಗೆ ಹಾಕಿ ಹೋಗುತ್ತಾನೆ, ಅಷ್ಟೇ ಎಂದು ಅವರ ಕೊಡೆ ಮರೆಯಾಗುವವರೆಗೆ ನೋಡುತ್ತ ಕುಳಿತೆ.

ಮರುದಿನ ಮಧ್ಯಾಹ್ನ ಹಾನಗಲ್ ಬಸ್ಸಿನ ಕಂಡಕ್ಟರ್ ನನ್ನ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಇಳಿದ. ಯಾವತ್ತೂ ನಿಲ್ಲಿಸುವ ಜಾಗವಲ್ಲ ಅದು.

"ಮೇಸ್ತ್ರಿ, ನಿಮ್ಮ ಪೆಟಗಿ ಹಾನಗಲ್ಲಾಗ ಒಬ್ಬನ್ನ ಹೊಡದೈತಂತ."

ನಾನು ಹೋಗಿ ಮುಟ್ಟುವಾಗ ನಿಂಗಪ್ಪನನ್ನು ದವಾಖಾನೆಗೆ ಒಯ್ದಿದ್ದರು, ಜೀವ ಕಲ್ಲಿನ ಮುಂದೆಯೇ ಹೋಗಿತ್ತು. ಹಾಸುಗಲ್ಲಿನ ಮೇಲೆ ನೀರು, ಹಾಲು ಕಲಸಿ ನಿಂತಿದ್ದವು. ಚೊಂಬು ಕಲ್ಲಿನ ಬುಡದಲ್ಲಿತ್ತು. ಯಾರೋ ಮೇನ್ ಸ್ವಿಚ್ ಇಳಿಸಿದ್ದರು. ಹಿತ್ತಾಳೆಯ ಕಣ್ಣಿನ ಒಂದು ಅಂಚು ಕಪ್ಪಾಗಿತ್ತು. ಪೊಲೀಸರು ಬರೆದುಕೊಳ್ಳುತ್ತಿದ್ದರು.

"ಮಾಡಿದಾವ ನೀನೇನು? ವೈರಿಂಗ್ ಬರೋಬರಿ ಇತ್ತೋ ಇಲ್ಲೋ?"

"ಬರೋಬರಿ ಇತ್ರಿ."

ಅವರು ಅಷ್ಟನ್ನೇ ಬರೆದುಕೊಂಡರು. ಒದ್ದೆ ಮೈ, ಒದ್ದೆ ನೆಲ, ಆಕಸ್ಮಿಕ. ಮಗ್ಗುಲಲ್ಲಿ ಆಚಾರ್ಯರು ಗೋಡೆ ಹಿಡಿದು ನಿಂತಿದ್ದರು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಹಿರೇಬೆಂಡಿಗೇರಿಯಲ್ಲಿ ಮಾತು ಬೇರೆ ಹುಟ್ಟಿತು. ಆಚಾರ್ಯರು ಅಜ್ಜನ ಕಣ್ಣು ಕಿತ್ತರು, ಅಜ್ಜ ಮುನಿದು ಮನೆಯ ಗಂಡಸನ್ನೇ ಕೊಂಡೊಯ್ದ. ಅಲ್ಲಿಂದ ಶಿಗ್ಗಾಂವಿಗೆ, ಶಿಗ್ಗಾಂವಿಯಿಂದ ಸವಣೂರಿಗೆ ಆ ಮಾತು ಬಸ್ಸಿನಲ್ಲಿ ಬಂತು. ಆಚಾರ್ಯರನ್ನು ಕಂಡರೆ ಹೊಲದವರು ಬೇಲಿಯ ಹೊರಗೇ ನಿಲ್ಲಿಸತೊಡಗಿದರು. ನನಗೆ ಯಾರೂ ಏನೂ ಅನ್ನಲಿಲ್ಲ. ಪಾಪ, ಮೇಸ್ತ್ರಿಯ ಪೆಟ್ಟಿಗೆ ಹಾಳಾಯಿತು ಎಂದರು. ಆ ಮಾತಿನ ಮರೆಯಲ್ಲಿ ನಾನು ಇಪ್ಪತ್ತು ದಿನ ಕುಳಿತೆ. ಬೆಸುಗೆಯ ಕಡ್ಡಿ ಮುಟ್ಟಲಿಲ್ಲ. ಅವ್ವ ಯಾಕೆ ಎಂದರೆ ಜ್ವರ ಎಂದೆ.

ಒಂದು ಮುಂಜಾನೆ ಆಚಾರ್ಯರು ಬಂದರು. ಕೈಯಲ್ಲಿ ಕೊಡೆ ಇರಲಿಲ್ಲ. ಮಳೆಯಲ್ಲಿ ನೆನೆದಿದ್ದರು. ಸ್ಟೂಲಿನ ಮೇಲೆ ಕುಳಿತರು.

"ಚನ್ನಬಸಪ್ಪಾ, ನಾ ಇಂಥಾವೆಲ್ಲಾ ನಂಬಿದಾವ ಅಲ್ಲ. ಆದ್ರೂ ಕೇಳ್ತೀನಿ. ನಾ ಆ ಕಣ್ಣು ತಗದದ್ದಕ್ಕ ಆತೇನಪಾ?"

ನಲವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವರು, ಐದನೇ ಇಯತ್ತೆಯವನ ಎದುರು ಕುಳಿತು ಹೀಗೆ ಕೇಳಿದರು. ನನ್ನ ಬಾಯಿಂದ ಎಲ್ಲವೂ ಬಂತು. ಟ್ರಾನ್ಸ್‌ಫಾರ್ಮರ್, ಎಂಜಿನಿಯರ್ ಕೊಟ್ಟ ಎಚ್ಚರಿಕೆ, ನಿಂಗಪ್ಪನಿಗೆ ಕೊಟ್ಟ ಮಾತು. ಬಿಚ್ಚಿಟ್ಟ ಟ್ರಾನ್ಸ್‌ಫಾರ್ಮರ್ ಬೆಂಚಿನ ಕೆಳಗಿನ ಚೀಲದಲ್ಲಿಯೇ ಇತ್ತು. ತೆಗೆದು ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ.

"ನನ್ನ ಮುಂದ ಹೇಳಿ ಏನು ಮಾಡ್ತಿ," ಎಂದರು. "ಹಿರೇಬೆಂಡಿಗೇರಿಗೆ ಹೋಗು." ಅಷ್ಟು ಹೇಳಿ ಎದ್ದು ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಹಿರೇಬೆಂಡಿಗೇರಿಯಲ್ಲಿ ಬಸ್ಸಿಳಿದು ಕೆಸರಿನಲ್ಲಿ ನಡೆದೆ. ಶಿವವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ಕಂಡು, "ಬರ್ರಿ ಅಣ್ಣಾರ, ಕುಂಡ್ರಿ," ಎಂದು ಕಂಬಳಿ ಹಾಸಿದಳು. ನಾನು ಕೂಡಲಿಲ್ಲ. ನಿಂತುಕೊಂಡೇ ಹೇಳಿದೆ. ಅವಳ ಕೈ ನಿಂತಿತು.

"ನೀವು ಮೊದಲು ಹಾಕಿದ್ದು ಇದ್ದಿದ್ರ?"

"ಏನೂ ಆಗ್ತಿರಲಿಲ್ಲ."

"ಬದಲಿ ಮಾಡಿದ್ದು ಅವ್ರಿಗೆ ಹೇಳಿದ್ರ್ಯಾ?"

"ಇಲ್ಲ."

ಅವಳು ನನ್ನತ್ತ ನೋಡದೆ, ಬುಟ್ಟಿಯಲ್ಲಿದ್ದ ಕಾಯಿಗಳಿಗೆ ಹೇಳುವಂತೆ ಹೇಳಿದಳು.

"ನಾ ಬಾಗಲದಾಗ ನಿಂತಿದ್ನಿ ಅಣ್ಣಾರ. ಕಣ್ಣಿನ ಮ್ಯಾಲೆ ಕೈ ಇಟ್ರು, ನಡಗಾಕ ಹತ್ತಿದ್ರು. ಒದ್ದಿ ಮೈ, ಹೊರಗ ಮಳಿ. ಚಳಿಗೆ ನಡಗ್ತಾರ ಅಂತ ತಿಳದ್ನಿ. ಎಷ್ಟೊತ್ತಾದ್ರೂ ಕೈ ತಗೀಲಿಲ್ಲ. ಇವತ್ತು ಅಜ್ಜನ ಹತ್ರ ಏನೋ ಬೇಡ್ಕೊಳ್ಳಾಕತ್ತಾರ ಅಂದ್ಕೊಂಡ್ನಿ. ಕರೀಬೇಕು ಅನಸ್ತು. ಮಾತಾಡಸ್ಬಾರ್ದು ಅಂತ ಸುಮ್ನ ನಿಂತ್ನಿ. ಒಂದ್ ಸಲ ಕರದಿದ್ರ, ಖೋಲಿ ಕಾಯೋ ಸಿಪಾಯಿ ಓಡಿ ಬಂದು ಕರೆಂಟು ಬಂದ್ ಮಾಡ್ತಿದ್ನೋ ಏನೋ. ಇಪ್ಪತ್ತು ದಿನ ಅದನ್ನ ಎದ್ಯಾಗ ಇಟ್ಕೊಂಡು ಕುಂತೇನಿ."

ಆಮೇಲೆ ಮುಖ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನನ್ನ ಬಾಯಿ ಅಜ್ಜನ ಕಟ್ಟಳಿ ಕಟ್ಟಿತ್ತು. ನಿಮ್ಮ ಬಾಯಿ ಯಾರು ಕಟ್ಟಿದ್ರು?"

ಉತ್ತರ ನನಗೆ ಗೊತ್ತಿತ್ತು. ಒಬ್ಬ ಮನುಷ್ಯ ಐದನೇತ್ತಾ ಎಂಬ ಮಾತಿಗೆ ನಕ್ಕಿದ್ದ, ಅಷ್ಟೇ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಎದುರು ಅದನ್ನು ಹೇಗೆ ಹೇಳುವುದು?

"ಊರಾಗ ಹೇಳ್ರಿ ಇದನ್ನ," ಎಂದಳು. "ಆ ಮುದುಕ ಆಚಾರ್ರನ್ನ ಯಾಕ ಬೈತಾರ ಮಂದಿ. ಅಜ್ಜನ್ನ ತಂದು ಹೊಲದಾಗ ನಿಂದರಸ್ರಿ."

ಚಾವಡಿಗೆ ಹೋಗಿ ಹೇಳಿದೆ. ಹಿರಿಯರು ಪೂರ್ತಿ ಕೇಳಿದರು. ಒಬ್ಬ ಅಡಿಕೆ ಉಗುಳಿ, "ಊರ ಹುಡುಗೂರೆಲ್ಲ ಮುಟ್ಟಿ ಬಂದ್ವು, ಒಂದಕ್ಕೂ ಏನಾಗಲಿಲ್ಲ. ನಿಂಗಪ್ಪಗ ಒಬ್ಬಗ ಹೊಡೀತು. ಆಚಾರ್ರನ್ನ ಉಳಸಾಕ ಬಂದೀದಿ ನೀ. ಒಳ್ಳೇಂವ ಅದೀ, ಹೋಗು," ಎಂದ. ಪೊಲೀಸರ ಬಳಿಗೂ ಹೋದೆ. ಮುಗಿದ ಕಾಗದ ತೆರೆಯಲು ಅವರಿಗೆ ಪುರುಸೊತ್ತಿರಲಿಲ್ಲ. ತಪ್ಪು ನನ್ನದು ಎಂದು ಹೇಳಿಕೊಂಡು ತಿರುಗಿದರೂ ಯಾರೂ ಅದನ್ನು ನನ್ನಿಂದ ತೆಗೆದುಕೊಳ್ಳಲಿಲ್ಲ. ಆಚಾರ್ಯರ ಮೇಲೆ ಕುಳಿತ ಮಾತು ಕುಳಿತೇ ಇತ್ತು. ಅವರು ಮತ್ತೆ ಯಾವ ಕಲ್ಲಿನ ಮುಂದೆಯೂ ಕೂಡಲಿಲ್ಲ. ನಾಲ್ಕನೆಯ ವರ್ಷಕ್ಕೆ ತೀರಿಕೊಂಡರು. ಹಾನಗಲ್ಲಿನ ಖೋಲಿಗಳಿಗೆ ಅಷ್ಟರೊಳಗೆ ಬೀಗ ಬಿದ್ದಿತ್ತು.

ಮಳೆ ನಿಂತ ಮೇಲೆ ಅಜ್ಜನನ್ನು ಚಕ್ಕಡಿಯಲ್ಲಿ ಮರಳಿ ಒಯ್ದೆ. ಈ ಸಲ ಹಗ್ಗ ಹಿಡಿದವನು ನಿಂಗಪ್ಪನ ತಮ್ಮ. ಹೊಸ ರಸ್ತೆಯಿಂದ ದೂರ, ಹೊಲದ ಇನ್ನೊಂದು ಬದುವಿನಲ್ಲಿ ಗುಂಡಿ ತೋಡಿ ನಿಲ್ಲಿಸಿದೆವು. ಶಿವವ್ವ ಜಗಲಿಯ ಮೇಲಿದ್ದ ಕಣ್ಣು ತಂದು ತಾನೇ ಹಚ್ಚಿದಳು. ನಾನು ಪೆಟ್ಟಿಗೆಯಿಂದ ಬಿಡಿಸಿದ್ದ ಇನ್ನೊಂದನ್ನು, ಕಪ್ಪು ಅಂಚು ತಿಕ್ಕಿ ತಿಕ್ಕಿ ಬೆಳಗಿದ್ದನ್ನು, ಅಂಗೈಯಲ್ಲಿಟ್ಟು ಚಾಚಿದೆ.

ಅವಳು ಮುಟ್ಟಲಿಲ್ಲ.

"ಅದು ನಮಗ ಬ್ಯಾಡ ಅಣ್ಣಾರ. ನಿಮ್ಮ ಹತ್ರನ ಇರ್ಲಿ."

ಸಿಟ್ಟಿನಿಂದ ಅಂದದ್ದಲ್ಲ. ಉಪ್ಪು ಬೇಡ ಎಂದಂತೆ ಅಂದಳು.

ಇಷ್ಟೂ ನನ್ನ ಮುಂದೆ ಹಾಯ್ದು ಹೋಗುವಾಗ ಬೀಗರು ಯಾವುದೋ ಊರು ಮುಟ್ಟಿ ಖುಷಿಪಡುತ್ತಿದ್ದರು. ನಾನು ನಕ್ಷೆಯಲ್ಲಿ ಹಿರೇಬೆಂಡಿಗೇರಿ ಹುಡುಕಿದೆ. ಇತ್ತು. ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಬೆರಳಿಟ್ಟೆ. ಜುಮ್ಮೆನ್ನಲಿಲ್ಲ. ಗಾಜು ತಣ್ಣಗಿತ್ತು. ಹೊಲ ಬಂತು, ಬದು ಬಂತು, ಎಣ್ಣೆಯಲ್ಲಿ ಮತ್ತೆ ಕಪ್ಪಾದ ಅಜ್ಜ ಬಂದ. ಬಲಗಣ್ಣು ಹೊಳೆಯುತ್ತಿತ್ತು. ಕೆಳಗೆ ಬರೆದದ್ದನ್ನು ಅಕ್ಷರ ಕೂಡಿಸಿ ಓದಿದೆ. ತುರುಗೊಳ್ ಕಾಳಗದ ವೀರಗಲ್ಲು, ಇಂದಿಗೂ ಪೂಜೆಯಲ್ಲಿದೆ, ಲೋಹದ ಎಡಗಣ್ಣು ಕಳೆದುಹೋಗಿದೆ.

"ಕಳದಿಲ್ಲವ್ವಾ ಅದು," ಎಂದೆ.

ಆ ಹೆಣ್ಣುಮಗಳು ತಿರುಗಿ ನೋಡಿದಳು. "ಏನ್ರಿ ಅಜ್ಜಾರ?"

"ಎಡಗಣ್ಣು. ಕಳದಿಲ್ಲ. ಸವಣೂರಾಗ ನನ್ನ ಅಂಗಡಿ ರೊಕ್ಕದ ಗಲ್ಲೇದಾಗ ಐತಿ."

ಅವಳು ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಒಂದು ಪುಸ್ತಕ, ಪೆನ್ನು ತೆಗೆದಳು. "ನಿಮ್ಮ ಹತ್ರ ಹೆಂಗ ಬಂತ್ರಿ ಅದು? ಹೇಳ್ರಿ, ಬರಕೊಂತೇನಿ."

ಹೊರಗೆ ಬೀಗರು ಬಸ್ಸು ಬಂತೆಂದು ಕೂಗುತ್ತಿದ್ದರು. ಪರದೆಯ ಮೇಲೆ ನನ್ನ ಬೆರಳಿನ ಗುರುತು ಮೆಲ್ಲಗೆ ಆರುತ್ತಿತ್ತು. ಕೈಗಳು ಒಣಗಿಯೇ ಇದ್ದವು. ಆದರೂ ಇನ್ನೊಮ್ಮೆ ಒರೆಸಿಕೊಂಡು, ಅವಳ ಎದುರಿನ ಕುರ್ಚಿಯ ಮೇಲೆ ಕುಳಿತೆ.

"ನಾ ಐದನೇತ್ತಾ ಕಲ್ತಾವ ಅದೇನಿ ಯವ್ವಾ," ಎಂದು ಶುರುಮಾಡಿದೆ.